ಗಂಟೆಗೆ ಎಷ್ಟು ದೋಸೆ

ಥ್ರೂಪುಟ್ ಎಂಬ ಶಬ್ದ ನಮ್ಮ ಮನೆಗೆ ಬಂದದ್ದು ವಡೋದರಾದಿಂದ, ಮಾವನ ಬಾಯಲ್ಲಿ. ಮಾವ ಎಂದರೆ ಅಮ್ಮನ ತಮ್ಮ. ಅಲ್ಲಿನ ಒಂದು ರಿಫೈನರಿಯಲ್ಲಿ ಅವನಿಗೆ ಕೆಲಸ. ಇಡೀ ದಿನ ಪರದೆಗಳ ಮುಂದೆ ಕೂತು, ಯಾವ ಪೈಪಿನಲ್ಲಿ ಎಷ್ಟು ಎಣ್ಣೆ ಹೋಗುತ್ತಿದೆ ಎಂದು ನೋಡುವುದು. ಉತ್ತರಾಯಣದ ದಿನ ಗಾಳಿಪಟ ಹಾರಿಸಲು ಅಹಮದಾಬಾದಿಗೆ, ನಮ್ಮ ಫ್ಲ್ಯಾಟಿನ ತಾರಸಿಗೆ ಬಂದಿದ್ದ. ಒಂದು ಕೈಯಲ್ಲಿ ದಾರ, ಇನ್ನೊಂದು ಕೈಯಲ್ಲಿ ಫೋನು. ಫೋನಿನಲ್ಲಿ ಹಿಂದಿಯಲ್ಲಿ ಯಾರನ್ನೋ ಬೈಯುತ್ತಿದ್ದ. ಆ ಬೈಗುಳದ ನಡುವೆ ನಾಲ್ಕು ಸಲ ಥ್ರೂಪುಟ್ ಬಂತು. ಅಷ್ಟರಲ್ಲಿ ಎದುರು ಬಿಲ್ಡಿಂಗಿನ ಆರು ವರ್ಷದ ಹುಡುಗಿಯೊಬ್ಬಳು ಅವನ ಗಾಳಿಪಟವನ್ನು ಕಚಕ್ಕೆಂದು ಕತ್ತರಿಸಿ ಹಾಕಿದಳು. ಇಡೀ ಸೊಸೈಟಿ ಕೂಗಿತು. ಮಾವನಿಗೆ ಗೊತ್ತೇ ಆಗಲಿಲ್ಲ. ಇನ್ನೂ ಹತ್ತು ನಿಮಿಷ ಬರೀ ದಾರ ಹಿಡಿದು ಆಕಾಶಕ್ಕೆ ಅಪ್ಪಣೆ ಕೊಡುತ್ತಿದ್ದ.

"ಮಾವ, ಥ್ರೂಪುಟ್ ಅಂದ್ರೆ ಎಂತ?" ಎಂದು ಕೇಳಿದೆ.

"ಒಂದು ಗಂಟೆಗೆ ಎಷ್ಟು ಹೊರಗೆ ಬರ್ತದೆ ಅಂತ," ಎಂದು ಹೇಳಿ ಮೇಲೆ ನೋಡಿದ. "ಅಯ್ಯೋ, ನನ್ನ ಪಟ ಎಲ್ಲಿ ಹೋಯ್ತು?"

ಅಷ್ಟೇ. ಅರ್ಧ ವಾಕ್ಯದ ಪಾಠ. ನನಗೆ ಅಷ್ಟು ಸಾಕಾಯಿತು. ಹನ್ನೊಂದನೇ ಕ್ಲಾಸಿನಲ್ಲಿ ಕಾಮರ್ಸ್ ಓದುವ ನನಗೆ ಅಂಥ ಶಬ್ದ ಸಿಗುವುದು ಬರಗಾಲದಲ್ಲಿ ಐಸ್‌ಕ್ರೀಮು ಸಿಕ್ಕಿದ ಹಾಗೆ. ಮರುದಿನದಿಂದ ನಮ್ಮ ಮನೆಯಲ್ಲಿ ಅಳತೆಗೆ ಸಿಗದ ವಸ್ತು ಉಳಿಯಲಿಲ್ಲ. ಬಚ್ಚಲಿನ ಥ್ರೂಪುಟ್ ಬೆಳಿಗ್ಗೆ ಗಂಟೆಗೆ ಮೂರು ಜನ. ಅಪ್ಪ ಒಳಗೆ ಹೊಕ್ಕರೆ ಒಂದು. ಲಿಫ್ಟಿನ ಥ್ರೂಪುಟ್ ಒಳ್ಳೆಯದೇ, ಆದರೆ ಐದನೇ ಮಹಡಿಯ ಅಜ್ಜಿ ಬಾಗಿಲು ಹಿಡಿದು ಯಾರೊಂದಿಗಾದರೂ ಮಾತಿಗೆ ನಿಂತರೆ ಸೊನ್ನೆ. ಅಮ್ಮನ ಬೈಗುಳದ ಥ್ರೂಪುಟ್ ಅಳೆಯಲು ಹೋಗಿ, ಅಳೆಯುವ ಯಂತ್ರವೇ ಕೆಟ್ಟುಹೋಯಿತು. ಅಂದರೆ ಅಮ್ಮ ಫೋನು ಕಿತ್ತುಕೊಂಡರು.

ಆದರೆ ನನಗೆ ನಿಜಕ್ಕೂ ಕುತೂಹಲ ಹುಟ್ಟಿದ್ದು ವೈಫೈ ಡಬ್ಬದ ಖಾಲಿ ಪೆಟ್ಟಿಗೆ ನೋಡಿದಾಗ. ಅದರ ಹಿಂಭಾಗದಲ್ಲಿ, ಇರುವೆ ಗಾತ್ರದ ಅಕ್ಷರಗಳಲ್ಲಿ, ಅದೇ ಶಬ್ದ! ಎಣ್ಣೆಗೂ ಅದೇ, ಇಂಟರ್ನೆಟ್ಟಿಗೂ ಅದೇ. ಪೈಪಿನಲ್ಲಿ ಹೋಗುವುದಕ್ಕೂ ಗಾಳಿಯಲ್ಲಿ ಹೋಗುವುದಕ್ಕೂ ಒಂದೇ ಹೆಸರು ಹೇಗೆ? ಕನ್ನಡದಲ್ಲಿ ಇದಕ್ಕೆ ಏನು ಹೇಳುತ್ತಾರೆ ಎಂದು ಅಮ್ಮನನ್ನು ಕೇಳಿದೆ. ನನಗೆ ಕನ್ನಡ ಓದುಬರಹ ಕಲಿಸಿದವರು ಅಮ್ಮನೇ, ಆದ್ದರಿಂದ ನಮ್ಮ ಮನೆಯ ನಿಘಂಟೂ ಅವರೇ.

"ಉತ್ಪತ್ತಿಯಾ?" ಎಂದರು ಅಮ್ಮ. "ಅಲ್ಲ, ಇಂಟರ್ನೆಟ್ ಎಲ್ಲಿ ಉತ್ಪತ್ತಿ ಆಗ್ತದೆ ನಮ್ಮ ಮನೆಯಲ್ಲಿ? ವಹಿವಾಟಾ? ಅದು ವ್ಯಾಪಾರ ಆಯ್ತು. ಎಂತ ಮಾರಾಯ್ತಿ, ಕೆಲ್ಸ ಎಷ್ಟು ಸಾಗಿತು ಅಂತ ಹೇಳಿದ್ರೆ ಆಗುದಿಲ್ವಾ? ನಿನ್ನ ಓದು ಎಷ್ಟು ಸಾಗಿತು? ಮೊದ್ಲು ಅದನ್ನು ಹೇಳು."

ನಿಘಂಟು ಮುಚ್ಚಿಟ್ಟು ನಾನು ಅಲ್ಲಿಂದ ಜಾರಿದೆ.

ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಹನ್ನೊಂದು ಮೇಜು, ಇಬ್ಬರು ಸಪ್ಲೈಯರುಗಳು, ಗಲ್ಲಾದಲ್ಲಿ ಅಪ್ಪ, ಒಳಗೆ ದೋಸೆ ಕಾವಲಿಯ ಮುಂದೆ ಭಟ್ರು. ಭಟ್ರು ಕುಂದಾಪುರದ ಕಡೆಯವರು. ನಾನು ಹುಟ್ಟುವ ಮೊದಲೇ ಬಂದವರು. ಒಲೆಯ ಎದುರು ನಿಂತು ನಿಂತು ಅವರ ಎಡಗೈ ಬಲಗೈಗಿಂತ ಎರಡು ಬಣ್ಣ ಕಪ್ಪು. ಕಾದ ಕಾವಲಿಗೆ ನೀರು ಚಿಮುಕಿಸಿ, ಹಿಡಿಸೂಡಿಯಿಂದ ಒಂದೇ ಸಲ ಸರ್ರನೆ ಗುಡಿಸಿ, ಮೂರು ದೋಸೆ ಸಾಲಾಗಿ ಹುಯ್ಯುತ್ತಾರೆ. ಮೂರಕ್ಕೂ ಅಂಚು ಒಂದೇ ಬಣ್ಣ. ಕಂಪಾಸಿನಲ್ಲಿ ನಾನು ಬರೆದ ವೃತ್ತ ಅದಕ್ಕಿಂತ ಸೊಟ್ಟ ಇರುತ್ತದೆ, ಗಣಿತದ ಟೀಚರ್ ಸಾಕ್ಷಿ.

ಭಾನುವಾರ ಬೆಳಿಗ್ಗೆ ನಮ್ಮ ಹೋಟೆಲಿಗೆ ಅರ್ಧ ಗುಜರಾತು ಬರುತ್ತದೆ. ಉಳಿದ ಅರ್ಧ ಹೊರಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕಾಯುತ್ತದೆ. ಕಳೆದ ವರ್ಷದವರೆಗೂ ಆ ಸ್ಟೂಲುಗಳನ್ನು ನೋಡಿ ಅಪ್ಪನ ಮುಖ ಅರಳುತ್ತಿತ್ತು. ಆಮೇಲೆ ರಸ್ತೆಯ ಆಚೆ ಹೊಸ ಅಂಗಡಿ ಬಂತು. ಅದರ ಗಾಜಿನ ಹಿಂದೆ ಒಂದು ದೋಸೆ ಮಿಷಿನ್: ಉರುಳುವ ಡ್ರಮ್ಮಿನ ಒಂದು ಕಡೆ ಹಿಟ್ಟು, ಇನ್ನೊಂದು ಕಡೆಯಿಂದ ಚಾಪೆಯ ಹಾಗೆ ಸುರುಳಿಯಾದ ದೋಸೆ. ನಮ್ಮ ಸ್ಟೂಲಿನಲ್ಲಿ ಕೂತವರು ಗಡಿಯಾರ ನೋಡುವುದು, ರಸ್ತೆ ದಾಟುವುದು ಶುರುವಾಯಿತು. ಒಂದು ಭಾನುವಾರ ಒಂದು ಕುಟುಂಬ ಹೋಗುವಾಗ ನಮ್ಮ ಸ್ಟೂಲನ್ನೂ ಅರ್ಧ ರಸ್ತೆಯವರೆಗೆ ಹೊತ್ತುಕೊಂಡು ಹೋಯಿತು, ಮರೆತು.

"ಎಲ್ಲಿ ತಡ ಆಗುದು ಅಂತ ಗೊತ್ತಾಗುದಿಲ್ಲ," ಎಂದು ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು.

ಗೊತ್ತಾಗುವುದಿಲ್ಲವೇ? ಮನೆಯಲ್ಲೇ ಥ್ರೂಪುಟ್ ಪರಿಣತೆಯೊಬ್ಬಳು ಇರುವಾಗ! ಮುಂದಿನ ಭಾನುವಾರ ನಾನು ಫೋನು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಹಿಟ್ಟು ಕಾವಲಿಗೆ ಬಿದ್ದ ಕ್ಷಣದಿಂದ ದೋಸೆ ತಟ್ಟೆಗೆ ಬೀಳುವ ಕ್ಷಣದವರೆಗೆ ಲೆಕ್ಕ ಇಟ್ಟೆ. ಜೈನರ ದೋಸೆ ಬಂದರೆ ಈರುಳ್ಳಿ ತಾಗಬಾರದೆಂದು ಭಟ್ರು ಕಾವಲಿಯ ಒಂದು ತುದಿಯನ್ನು ಬೇರೆಯೇ ಇಡುತ್ತಿದ್ದರು, ಅದನ್ನೂ ಬರೆದುಕೊಂಡೆ. ಮೂರು ಬಣ್ಣದ ಪೆನ್ನು, ಒಂದು ಚಾರ್ಟು. ರಾಕೆಟ್ ಹಾರಿಸುವವರೂ ಅಷ್ಟು ಗಂಭೀರವಾಗಿ ನಿಂತಿರಲಿಕ್ಕಿಲ್ಲ. ಭಟ್ರು ನನ್ನನ್ನು ಒಮ್ಮೆ ನೋಡಿದರು.

"ಎಂತ ಮಗಾ, ಪರೀಕ್ಷೆಯಾ?"

"ಹೌದು ಭಟ್ರೇ, ಪ್ರಾಜೆಕ್ಟ್."

"ನಂಗೆ ಪಾಸ್ ಮಾರ್ಕ್ ಆದ್ರೂ ಕೊಡು," ಎಂದು ನಕ್ಕು, ಮೊದಲ ಗರಿಗರಿ ದೋಸೆಯ ತುದಿ ಮುರಿದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ತಿನ್ನುತ್ತಲೇ ಬರೆದೆ: ಎರಡು ನಿಮಿಷ ನಲವತ್ತು ಸೆಕೆಂಡು.

ಮಧ್ಯಾಹ್ನ ನಾಲ್ಕಕ್ಕೆ ಹೋಟೆಲಿನಲ್ಲಿ ಜನ ಇರುವುದಿಲ್ಲ. ಅಪ್ಪ, ಅಮ್ಮ ಚಹಾ ಕುಡಿಯುತ್ತಿದ್ದರು. ನಾನು ಚಾರ್ಟನ್ನು ಮೇಜಿನ ಮೇಲೆ ಹಾಸಿ ಭಾಷಣ ಶುರು ಮಾಡಿದೆ. ಎದುರಿನ ಅಂಗಡಿಯ ಮಿಷಿನ್ನಿಗೆ ಒಂದು ದೋಸೆಗೆ ಒಂದು ನಿಮಿಷ, ನಮ್ಮ ಕಾವಲಿಗೆ ಇಷ್ಟು. ಆದ್ದರಿಂದ ಇಡೀ ಹೋಟೆಲಿನ ಥ್ರೂಪುಟ್ಟನ್ನು ತಡೆದು ನಿಲ್ಲಿಸಿರುವುದು ಕಾವಲಿ. ಭಟ್ರು ಮೂರು ಒಟ್ಟಿಗೆ ಹುಯ್ಯುತ್ತಾರೆ ಎಂಬುದನ್ನು ಲೆಕ್ಕಕ್ಕೆ ಸೇರಿಸಲು ನನ್ನ ಚಾರ್ಟಿನಲ್ಲಿ ಜಾಗ ಸಾಲಲಿಲ್ಲ. ಚಪ್ಪಾಳೆ ನಿರೀಕ್ಷಿಸಿ ನಿಂತೆ.

ನಾನು ಹುಟ್ಟಿದಾಗಿನಿಂದ ನನ್ನ ಒಂದು ಮಾತನ್ನೂ ಕೇಳದ ಅಪ್ಪ, ಆ ದಿನ ಕೇಳಿಬಿಟ್ಟರು. ಚಾರ್ಟನ್ನು ಎರಡು ಸಲ ಓದಿದರು.

"ಸೂರತ್‌ನಲ್ಲಿ ಒಬ್ಬ ಮಿಷಿನ್ ಮಾರುವವ ಇದ್ದಾನೆ," ಎಂದರು. "ನಾಳೆ ಸೋಮವಾರ, ನಮಗೆ ರಜೆ. ಹೋಗಿ ನೋಡಿಯೇ ಬರುವ."

"ಹಾಗಾದ್ರೆ ಭಟ್ರು?" ಎಂದರು ಅಮ್ಮ.

"ಮಿಷಿನ್ನಿಗೆ ಭಟ್ರು ಯಾಕೆ? ಬಟನ್ ಒತ್ತಲಿಕ್ಕೆ ಯಾರಾದ್ರೂ ಆಗ್ತದೆ," ಎಂದ ಅಪ್ಪನ ದನಿ ಕೊನೆಯಲ್ಲಿ ಸಣ್ಣದಾಯಿತು. "ನಂಗೂ ಬೇಜಾರು ಉಂಟು. ಆದ್ರೆ ಜನ ಎದುರು ಹೋಗ್ತಾ ಇದ್ದಾರಲ್ಲ."

ಹಿಂದೆ ಪಾತ್ರೆ ಇಟ್ಟ ಸದ್ದು. ಭಟ್ರು ಅಲ್ಲೇ, ಬಾಗಿಲ ಬಳಿ, ನಾಳಿದ್ದಿನ ಉದ್ದು ಅಳೆಯುತ್ತಿದ್ದರು. ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದಾಗ, ಅವರು ತಲೆ ಎತ್ತದೆ ಕೇಳಿದರು:

"ಎಷ್ಟು ನಿಧಾನ ಅಂತ ಬಂತು ಮಗಾ, ನಂದು?"

ಎರಡು ನಿಮಿಷ ನಲವತ್ತು ಸೆಕೆಂಡು ಎಂದು ಹೇಳುವ ಬದಲು ಇನ್ನೊಂದು ಲೋಟ ನೀರು ಬಗ್ಗಿಸಿಕೊಂಡೆ.

"ನಂಗೆ ಬೇರೆ ಕೆಲ್ಸ ಬರುದಿಲ್ಲ," ಎಂದರು ಅವರು, ಯಾರೋ ಹವೆಯ ಬಗ್ಗೆ ಹೇಳುವ ಹಾಗೆ. "ಇಡ್ಲಿ ಕೂಡ ನಾನು ಮಾಡಿದ್ರೆ ಕಲ್ಲು. ನಿಂಗೆ ಗೊತ್ತುಂಟಲ್ಲ."

ಗೊತ್ತಿತ್ತು. ಅವರ ಇಡ್ಲಿಯಿಂದ ನಾನು ಒಮ್ಮೆ ಮಾವಿನಕಾಯಿ ಉದುರಿಸಿದ್ದೇನೆ.

ಸೋಮವಾರ ಬೆಳಗಿನ ರೈಲಿನಲ್ಲಿ ಅಪ್ಪ, ಕ್ಲಾಸಿಗೆ ಚಕ್ಕರ್ ಹೊಡೆದ ನಾನು. ಮಾವನಿಗೂ ಆ ದಿನ ರಜೆ. ಮಿಷಿನ್ನಿನ ವಿಷಯ ಅವನಿಗೆ ತಿಳಿಯುತ್ತದೆಂದು ಅಪ್ಪ ಅವನನ್ನೂ ಕರೆದಿದ್ದರು. ವಡೋದರಾದಲ್ಲಿ ಅವನು ಹತ್ತುವುದೆಂದು ಮಾತು. ರೈಲು ನಿಂತಿತು. ಕಿಟಕಿಯಿಂದ ನೋಡಿದರೆ ಮಾವ ಪ್ಲಾಟ್‌ಫಾರ್ಮಿನಲ್ಲೇ ಕುಣಿಯುತ್ತಿದ್ದಾನೆ. ನಮ್ಮ ಬೋಗಿಯ ಬಾಗಿಲಿನಲ್ಲಿ ಒಂದು ಮದುವೆ ದಿಬ್ಬಣದ ಕಬ್ಬಿಣದ ಟ್ರಂಕು ಅಡ್ಡಡ್ಡ ಸಿಕ್ಕಿಕೊಂಡಿತ್ತು. ಒಳಗಿನಿಂದ ನಾಲ್ವರು ಎಳೆಯುವುದು, ಹೊರಗಿನಿಂದ ಆರು ಜನ ದೂಡುವುದು, ಟ್ರಂಕಿನ ಒಡತಿ ಎರಡೂ ಕಡೆಯವರಿಗೆ ಗುಜರಾತಿಯಲ್ಲಿ ಬೈಯುವುದು. ಕೊನೆಗೆ ಟ್ರಂಕು ಒಳಗೆ ಬಿತ್ತು, ಅದರ ಹಿಂದೆ ಮಾವನೂ ಬಿದ್ದ.

ಸೀಟಿಗೆ ಬಂದು ಬೆವರು ಒರೆಸಿಕೊಂಡ ಮೇಲೆ ನಾನು ಚಾರ್ಟು ತೋರಿಸಿದೆ. ಮಾವ ಓದಿದ. ಮೀಸೆಯ ಕೆಳಗೆ ನಗು ಬಂತು.

"ಇದು ಥ್ರೂಪುಟ್ ಅಂತ ಯಾರು ಹೇಳಿದ್ದು?"

"ನೀನೇ. ಗಂಟೆಗೆ ಎಷ್ಟು ಹೊರಗೆ ಬರ್ತದೆ ಅಂತ."

"ಎಲ್ಲಿಂದ ಹೊರಗೆ?"

"ಕಾವಲಿಯಿಂದ."

"ಕಾವಲಿಯಿಂದ ದೋಸೆ ಎದ್ದದ್ದು ಎಲ್ಲಿಗೆ ಹೋಯ್ತು ಮಾರಾಯ್ತಿ? ನಿಮ್ಮ ಹೋಟೆಲಿನ ಒಳಗೇ ಉಂಟಲ್ಲ ಇನ್ನೂ!" ಎಂದ ಮಾವ. "ನೋಡು, ಈಗ ಈ ರೈಲಿಗೆ ಎಂಜಿನ್ ಎಷ್ಟು ಜೋರಾದ್ರೂ ಇರ್ಲಿ. ಆ ಬಾಗಿಲಲ್ಲಿ ಟ್ರಂಕು ಸಿಕ್ಕಿಕೊಂಡಿದ್ದಾಗ ಐದು ನಿಮಿಷದಲ್ಲಿ ಎಷ್ಟು ಜನ ಹತ್ತಿದ್ರು?"

"ಯಾರೂ ಇಲ್ಲ."

"ಅದೇ. ನಮ್ಮಲ್ಲಿ ಒಂದು ಪಂಪು ಎಷ್ಟು ಜೋರು ಓಡಿತು ಅಂತ ಯಾರೂ ಕೇಳುದಿಲ್ಲ. ಒಂದು ಕಡೆಯಿಂದ ಒಳಗೆ ಬಂದದ್ದು, ಎಲ್ಲ ಕೆಲ್ಸ ಮುಗ್ಸಿ, ಆ ಕಡೆಯಿಂದ ಹೊರಗೆ ಎಷ್ಟು ಹೋಯ್ತು? ಅದು ಥ್ರೂಪುಟ್. ಹೊರಗೆ ಹೋಗದ್ದು ಲೆಕ್ಕಕ್ಕೇ ಇಲ್ಲ. ನಿಮ್ಮ ಹೋಟೆಲಿಗೆ ಒಳಗೆ ಬರುದು ಎಂತ?"

"ಜನ."

"ಹೊರಗೆ ಹೋಗುದು?"

"ಜನ," ಎಂದೆ. "ಹೊಟ್ಟೆ ತುಂಬಿದ ಜನ."

"ಅದನ್ನು ಅಳೆದಿದ್ದೀಯಾ?"

ನಾನು ಕಿಟಕಿಯ ಹೊರಗೆ ನೋಡತೊಡಗಿದೆ. ತುಂಬಾ ಆಸಕ್ತಿಯ ದೃಶ್ಯವೇನಲ್ಲ, ಒಂದು ಎಮ್ಮೆ ಇತ್ತು. ಆದರೂ ಅದು ದಾಟಿ ಹೋಗುವವರೆಗೆ ನೋಡಿದೆ. ನಾನು ಅಳೆದದ್ದು ಭಟ್ರನ್ನು ಮಾತ್ರ, ಏಕೆಂದರೆ ಅವರು ಒಂದೇ ಕಡೆ ನಿಂತಿರುತ್ತಾರೆ, ಅಳೆಯಲು ಸುಲಭ.

ಸೂರತ್‌ನಲ್ಲಿ ಮಿಷಿನ್ ಮಾರುವವನು ನಮ್ಮನ್ನು ಬಟ್ಟೆ ಮಾರ್ಕೆಟ್ಟಿನ ಹತ್ತಿರದ ಒಂದು ಹೋಟೆಲಿಗೆ ಕರೆದುಕೊಂಡು ಹೋದ. ಅಲ್ಲಿ ಅವನದೇ ಮಿಷಿನ್ ಓಡುತ್ತಿತ್ತು. ಸೀರೆ ಕಟ್ಟುಗಳನ್ನು ಹೊತ್ತವರು, ದಲಾಲರು, ಕೊಳ್ಳಲು ಬಂದವರು, ಎಲ್ಲ ಮೇಜೂ ಭರ್ತಿ, ಬಾಗಿಲಿನಲ್ಲಿ ಸಾಲು. ಮಿಷಿನ್ ನಿಜಕ್ಕೂ ಮಾಯ. ಡ್ರಮ್ಮು ತಿರುಗುತ್ತದೆ, ದೋಸೆ ಬರುತ್ತದೆ, ತಿರುಗುತ್ತದೆ, ಬರುತ್ತದೆ. ಎಲ್ಲ ದೋಸೆಗೂ ಒಂದೇ ಮುಖ, ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡ ಹಾಗೆ. ಅಪ್ಪ ಮಿಷಿನ್ನಿನ ಬೆನ್ನು ಸವರಿದರು. ನನ್ನ ಬೆನ್ನನ್ನು ಅಷ್ಟು ಪ್ರೀತಿಯಿಂದ ಸವರಿದ್ದು ಹತ್ತನೇ ಕ್ಲಾಸಿನ ರಿಸಲ್ಟಿನ ದಿನ ಮಾತ್ರ.

"ನೀನು ಮಿಷಿನ್ ನೋಡ್ಬೇಡ," ಎಂದ ಮಾವ ನನ್ನ ಕಿವಿಯಲ್ಲಿ. "ಬಾಗಿಲು ನೋಡು."

ಬಾಗಿಲಿನ ಬಳಿ ನಿಂತೆ. ಹತ್ತು ನಿಮಿಷ, ಹದಿನೈದು ನಿಮಿಷ. ಹೊರಗೆ ಹೋದವರು ಎಷ್ಟು ಎಂದು ಎಣಿಸಿದೆ. ಬೆರಳುಗಳು ಮುಗಿಯಲಿಲ್ಲ. ಇಷ್ಟು ಜೋರು ಮಿಷಿನ್, ಆದರೆ ಬಾಗಿಲು ನಮ್ಮ ಹೋಟೆಲಿನ ಬಾಗಿಲಿನಷ್ಟೇ ಸೋಮಾರಿ! ಹಾಗಾದರೆ ಬಂದ ದೋಸೆ ಎಲ್ಲಿ ಹೋಗುತ್ತಿದೆ? ಹಿಂದೆ ತಿರುಗಿ ನೋಡಿದರೆ, ಮಿಷಿನ್ನಿನ ಪಕ್ಕದ ಕಟ್ಟೆಯ ಮೇಲೆ ಒಂಬತ್ತು ದೋಸೆಗಳು ಸಾಲಾಗಿ ಮಲಗಿದ್ದವು, ಮೆತ್ತಗಾಗುತ್ತಾ, ಬಡಿಸುವವರಿಲ್ಲದೆ.

"ಮಾವ, ಸಪ್ಲೈಯರ್ ಎಲ್ಲಿ?"

"ಅವನನ್ನೇ ನಾನೂ ಹುಡುಕ್ತಾ ಇದ್ದೇನೆ."

ಅಷ್ಟರಲ್ಲಿ ಮಾರುವವನು ಅಪ್ಪನಿಗೆ ಹೇಳಿದ, ತನ್ನಲ್ಲಿ ಉಳಿದದ್ದು ಒಂದೇ ಮಿಷಿನ್, ಬೇರೆ ಗಿರಾಕಿಯೂ ಕೇಳಿದ್ದಾನೆ ಎಂದು. ಅಪ್ಪ ತಲೆಯಾಡಿಸಿದರು. ನಾನು ನಡುವೆ ನುಗ್ಗಿದೆ.

"ಅಪ್ಪ, ಎರಡು ವಾರ ಬಿಡಿ. ಎರಡೇ ಭಾನುವಾರ."

"ನೀನೇ ಅಲ್ವಾ ಭಟ್ರು ನಿಧಾನ ಅಂತ ಚಾರ್ಟು ಹಾಕಿದ್ದು?"

"ಹೌದು. ಅರ್ಧ ಅಳೆದು ಹಾಕಿದ್ದು," ಎಂದೆ. "ಪೂರ್ತಿ ಅಳೀತೇನೆ. ಆಮೇಲೂ ಭಟ್ರೇ ತಡ ಅಂತ ಬಂದ್ರೆ ನಾನೇ ಅವರಿಗೆ ಹೇಳ್ತೇನೆ."

ಅಪ್ಪ ನನ್ನ ಮುಖ ನೋಡಿದರು, ಮಾವನ ಮುಖ ನೋಡಿದರು. "ಎಂತ ಭಾವ, ಇವಳಿಗೆ ಎಂತ ತಿನ್ಸಿದ್ದು ನೀನು?" ಎಂದು ಕೇಳಿದರು. ಆದರೆ ಮಾರುವವನಿಗೆ ಎರಡು ವಾರದ ಗಡುವು ಹೇಳಿಯೇ ಹೊರಟರು.

ಭಾನುವಾರ ನಾನು ಅಡುಗೆಮನೆಯ ಕಡೆ ಹೋಗಲೇ ಇಲ್ಲ. ನಾಲ್ಕನೇ ಮೇಜಿನ ಎದುರು, ಕೈತೊಳೆಯುವ ಬೇಸಿನ್ನಿನ ಪಕ್ಕದಲ್ಲಿ ನಿಂತೆ. ಅಲ್ಲಿಗೆ ಒಂದು ಕುಟುಂಬ ಬಂತು: ಅಜ್ಜ, ಗಂಡ ಹೆಂಡತಿ, ಎರಡು ಮಕ್ಕಳು. ಕೂತ ಸಮಯ ಬರೆದೆ.

ನಮ್ಮ ಊರಿನವರಾಗಿದ್ದರೆ ಐದು ಜನಕ್ಕೆ ಐದು ಮಸಾಲೆ ದೋಸೆ, ತಿಂದರು, ಎದ್ದರು, ಮುಗಿಯಿತು. ಇವರು ಹೇಳಿದ್ದು ಒಂದು ಮಸಾಲೆ ದೋಸೆ. ಐವರಿಗೆ ಒಂದು! ಬಿಸಿಬಿಸಿ ಒಂದೊಂದೇ ತರಿಸಿ, ಎಲ್ಲರೂ ಒಂದೇ ತಟ್ಟೆಗೆ ಕೈ ಹಾಕುವುದು ಇಲ್ಲಿನ ಖುಷಿ. ದೋಸೆ ಆರು ನಿಮಿಷದಲ್ಲಿ ಬಂತು. ಒಂದೂವರೆ ನಿಮಿಷದಲ್ಲಿ ಖಾಲಿಯೂ ಆಯಿತು. ಆದರೆ ದೋಸೆ ಬರುವ ಮೊದಲೇ ಸಾಂಬಾರು ಕುಡಿದು ಮುಗಿಸಿದ್ದರು, ಏಕೆಂದರೆ ಗುಜರಾತಿನಲ್ಲಿ ಸಾಂಬಾರು ಎಂದರೆ ದೋಸೆಯ ಜೊತೆಗಾರ ಅಲ್ಲ, ದೋಸೆಯೇ ಸಾಂಬಾರಿನ ಜೊತೆಗಾರ.

"ಭಾಯಿ, ಸಂಭಾರ್ ಲಾವ್‌ಜೋ!" ಎಂದು ಅಜ್ಜ ಬಟ್ಟಲು ಎತ್ತಿದರು.

ಸಪ್ಲೈಯರ್ ಒಂಬತ್ತನೇ ಮೇಜಿನಲ್ಲಿ ಬಕೆಟ್ಟು ಹಿಡಿದು ನಿಂತಿದ್ದ. ಅಲ್ಲಿ ಆರು ಬಟ್ಟಲು. ಇನ್ನೊಬ್ಬ ಸಪ್ಲೈಯರ್ ಖಾಲಿಯಾದ ಬಕೆಟ್ಟು ತುಂಬಿಸಲು ಒಳಗೆ. ಅಜ್ಜನ ಕೈ ಮೇಲೆಯೇ ಉಳಿಯಿತು, ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಹುಡುಗನ ಹಾಗೆ. ನಾಲ್ಕು ನಿಮಿಷದ ಮೇಲೆ ಸಾಂಬಾರು ಬಂತು. ಈಗ ಸಾಂಬಾರು ಇದೆ, ದೋಸೆ ಇಲ್ಲ. ಸಾಂಬಾರಿಗೆಂದು ಇನ್ನೊಂದು ದೋಸೆ ಹೇಳಿದರು. ಹೇಳಬೇಕೆಂದರೆ ಸಪ್ಲೈಯರ್ ಮತ್ತೆ ಕೈಗೆ ಸಿಗಬೇಕು. ದೋಸೆ ಬರುವಷ್ಟರಲ್ಲಿ ಸಾಂಬಾರು ಮುಗಿದಿತ್ತು. ದೋಸೆಗೆಂದು ಸಾಂಬಾರು ಕೇಳಿದರು. ಆ ಸಾಂಬಾರು ಬಂದಾಗ ದೋಸೆ ಮುಗಿದಿತ್ತು. ಭೂಮಿ ಸೂರ್ಯನ ಸುತ್ತ ಹೀಗೆಯೇ ತಿರುಗುತ್ತಿರಬೇಕು, ನಿಲ್ಲಲು ಕಾರಣ ಸಿಗದೆ.

ಅವರು ಎದ್ದಾಗ ಐವತ್ತೆರಡು ನಿಮಿಷ. ಅದರಲ್ಲಿ ದೋಸೆಗೆ ಕಾದದ್ದು, ಎರಡೂ ಸೇರಿ, ಹದಿನೈದು. ಬಟ್ಟಲು ಎತ್ತಿ ಸಾಂಬಾರಿಗೆ ಕಾದದ್ದು, ಹೇಳಲು ಸಪ್ಲೈಯರನ್ನು ಹುಡುಕಿದ್ದು ಇಪ್ಪತ್ತಮೂರು. ದೋಸೆಯ ಹದಿನೈದರಲ್ಲೂ ಎಂಟು ನಿಮಿಷ ದೋಸೆ ಕಟ್ಟೆಯ ಮೇಲೆ ಸಪ್ಲೈಯರಿಗಾಗಿ ಕಾಯುತ್ತಿತ್ತು. ಇನ್ನೂ ಮೂರು ಮೇಜು ಅಳೆದೆ. ಅದೇ ಕಥೆ, ಬೇರೆ ಬೇರೆ ಅಜ್ಜಂದಿರು.

ನಾಲ್ಕು ಗಂಟೆಯ ಚಹಾಕ್ಕೆ ಹೊಸ ಚಾರ್ಟು ಹಾಸಿದೆ. ಈ ಸಲ ಭಟ್ರನ್ನೂ ಕರೆದು ಕೂರಿಸಿದೆ.

"ತಡ ಆಗುದು ಕಾವಲಿಯಿಂದ ಅಲ್ಲ, ಬಕೆಟ್ಟಿನಿಂದ," ಎಂದೆ. "ಸಾಂಬಾರನ್ನು ಮೇಜಿನ ಮೇಲೆ ಇಟ್ಟುಬಿಡುವ. ಬೇಕಾದವರು ಹಾಕ್ಕೊಳ್ಳಲಿ."

ಅಪ್ಪ ಚಹಾದ ಲೋಟ ಕೆಳಗಿಟ್ಟರು. ಮನೆಯ ದೇವರ ಫೋಟೋ ತೆಗೆದು ಅಲ್ಲಿ ಕ್ಯಾಲೆಂಡರ್ ಹಾಕುವ ಎಂದಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ.

"ಮೇಜಿನ ಮೇಲೆಯಾ? ಎಂಜಲು ಕೈಯಲ್ಲಿ ಸೌಟು ಮುಟ್ಟಿ, ಬಟ್ಟಲಿಗೆ ತಾಗ್ಸಿ, ಮತ್ತೆ ಪಾತ್ರೆಗೆ ಅದ್ದುದಾ? ನಮ್ಮ ಹೋಟೆಲಲ್ಲಾ?"

"ಅವರದೇ ಎಂಜಲು, ಅವರದೇ ಮೇಜು," ಎಂದರು ಅಮ್ಮ. "ಒಂದೇ ತಟ್ಟೆಯಲ್ಲಿ ಐದು ಕೈ ಹಾಕಿ ತಿಂತಾರೆ. ಅವರಿಗೆ ಇಲ್ಲದ್ದು ನಿಮಗೆ ಎಂತಕ್ಕೆ?"

"ನೀನು ಸುಮ್ನಿರು ಮಾರಾಯ್ತಿ. ಬಡಿಸುದು ಅಂದ್ರೆ ಬಡಿಸುದು. ನನ್ನ ಅಪ್ಪ ಕಲಿಸಿದ್ದು ಅದು. ಭಟ್ರೇ, ನೀವೇ ಹೇಳಿ."

ಭಟ್ರನ್ನು ಕೇಳಿದ್ದು ಏಕೆಂದರೆ ಎಂಜಲು, ಮುಸುರೆಯ ವಿಷಯದಲ್ಲಿ ನಮ್ಮಲ್ಲಿ ಅವರೇ ಸುಪ್ರೀಂ ಕೋರ್ಟು. ಅವರ ಹಿಟ್ಟಿನ ಪಾತ್ರೆಯ ಹತ್ತಿರ ಕೈ ತೊಳೆಯದೆ ಹೋದರೆ, ನೊಣವೂ ಬೈಸಿಕೊಳ್ಳುತ್ತದೆ. ಅವರು ಬೇಡ ಎಂದರೆ ಅಪ್ಪ ಬೇಡ ಎನ್ನುತ್ತಾರೆ; ಮಿಷಿನ್ ಬರುತ್ತದೆ; ಭಟ್ರು ಹೋಗುತ್ತಾರೆ. ತಮ್ಮ ಮಡಿಯಿಂದಲೇ ತಮ್ಮ ಕೆಲಸ ಕಳೆದುಕೊಳ್ಳುತ್ತಾರೆ.

"ಸೌಟು ಆಗುದಿಲ್ಲ," ಎಂದರು ಭಟ್ರು.

ಅಪ್ಪ ನನ್ನತ್ತ ನೋಡಿದರು: ಕೇಳಿತಾ?

"ಆದ್ರೆ ನೀರು ಎಲ್ಲಿ ಇಡುದು ಯಜಮಾನ್ರೇ, ಗಿರಾಕಿಗೆ?"

"ಮೇಜಿನ ಮೇಲೆ. ಜಗ್ಗಿನಲ್ಲಿ."

"ಅವರೇ ಬಗ್ಸಿ ಕುಡೀತಾರೆ. ಅದಕ್ಕೆ ಎಂಜಲು ಇಲ್ಲ, ಅಲ್ವಾ? ಒಳಗೆ ಯಾರೂ ಎಂತದೂ ಅದ್ದುದಿಲ್ಲ. ಮೇಲಿಂದ ಬಗ್ಸುದು. ಸಾಂಬಾರಿಗೂ ಒಂದು ಜಗ್ಗು ಇಡಿ, ಮುಚ್ಚಳ ಹಾಕಿ. ಉಳಿದದ್ದು ಒಳಗೆ ತರ್ಬಾರ್ದು, ಚೆಲ್ಲಿ ತೊಳೆಯುದು. ಅರ್ಧರ್ಧ ತುಂಬ್ಸಿದ್ರೆ ಚೆಲ್ಲುದೂ ಕಮ್ಮಿ." ಸ್ವಲ್ಪ ನಿಂತು ಸೇರಿಸಿದರು: "ನುಗ್ಗೆಕಾಯಿ ಸಣ್ಣ ಮಾಡಿ ಹೆಚ್ಚಬೇಕು. ಇಲ್ಲದಿದ್ರೆ ಜಗ್ಗಿನ ಮೂತಿಯಲ್ಲಿ ಸಿಕ್ಕಿಕೊಳ್ತದೆ."

ಅಪ್ಪ ಲೋಟ ಎತ್ತಿ ಆರಿದ ಚಹಾ ಕುಡಿದರು. ವಾದ ಸೋತಾಗ ಅವರು ಹಾಗೆ ಮಾಡುತ್ತಾರೆ.

ಎರಡನೇ ಭಾನುವಾರ ಹನ್ನೊಂದು ಮೇಜಿಗೆ ಹನ್ನೊಂದು ಸ್ಟೀಲ್ ಜಗ್ಗು. ಮೊದಲ ಗಿರಾಕಿ ಅದನ್ನು ನೀರೆಂದು ತಿಳಿದು ಲೋಟಕ್ಕೆ ಬಗ್ಗಿಸಿ, ಅರ್ಧ ಕುಡಿದು, ಕಣ್ಣರಳಿಸಿ, ಉಳಿದರ್ಧವನ್ನೂ ಕುಡಿದ. ಆಮೇಲೆ ಕೈ ಎತ್ತುವ ಅಜ್ಜಂದಿರು ಕಾಣಲಿಲ್ಲ. ಸಪ್ಲೈಯರುಗಳು ಬರಿಗೈಯಲ್ಲಿ ನಿಂತಿದ್ದರು, ಕರೆದ ಕೂಡಲೇ ಬರುತ್ತಿದ್ದರು. ಮೇಜುಗಳು ಏಳತೊಡಗಿದವು. ಹತ್ತೂವರೆಗೆ ಹೊರಗಿನ ಸ್ಟೂಲುಗಳು ಖಾಲಿ. ಅಪ್ಪ ಗಲ್ಲಾ ಬಿಟ್ಟು ಬಾಗಿಲಿಗೆ ಬಂದು ಅವುಗಳನ್ನು ನೋಡಿದರು. ಜನವೇ ಬಂದಿಲ್ಲವೇನೋ ಎಂದು ಮೊದಲು ಹೆದರಿದರು. ತಿರುಗಿ ನೋಡಿದರೆ ಒಳಗೆ ಎಲ್ಲ ಮೇಜೂ ಭರ್ತಿ.

ನಾನು ಕಾಲರ್ ಸರಿ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ಸಪ್ಲೈಯರ್ ಕೂಗಿದ: "ಮೂರನೇ ಮೇಜಿನ ದೋಸೆ ಎಲ್ಲಿ? ಏಳನೆಯದ್ದು ಎಲ್ಲಿ?"

ಓಡಿದೆ. ಕಾವಲಿಯ ಮುಂದೆ ಚೀಟಿಗಳು ಮಾಲೆಯ ಹಾಗೆ ನೇತಾಡುತ್ತಿದ್ದವು. ಭಟ್ರು ಹುಯ್ಯುತ್ತಿದ್ದರು, ಮಗುಚುತ್ತಿದ್ದರು, ಮುಖ ಬೆವರಿನಲ್ಲಿ ಹೊಳೆಯುತ್ತಿತ್ತು. ಮೇಜು ಬೇಗ ಏಳುತ್ತದೆ, ಹೊಸಬರು ಬೇಗ ಕೂರುತ್ತಾರೆ, ಎಲ್ಲರೂ ದೋಸೆ ಕೇಳುತ್ತಾರೆ. ಈಗ ನಿಜವಾಗಿಯೂ ಕಾವಲಿಯೇ ತಡ! ಮೊದಲು ಸುಳ್ಳಾಗಿದ್ದ ನನ್ನ ಚಾರ್ಟನ್ನು ನಾನೇ ಕಷ್ಟಪಟ್ಟು ನಿಜ ಮಾಡಿಬಿಟ್ಟಿದ್ದೆ. ಮಾವನಿಗೆ ಫೋನು ಹಚ್ಚಿದೆ.

"ಅದು ಹಾಗೆಯೇ ಮಾರಾಯ್ತಿ," ಎಂದ ಅವನು, ಏನೋ ಜಗಿಯುತ್ತಾ. "ಒಂದು ಕಡೆ ಸಡಿಲ ಮಾಡಿದ್ರೆ ಇನ್ನೊಂದು ಕಡೆ ಬಿಗೀತದೆ. ನಮ್ಮ ಕೆಲ್ಸ ಇಡೀ ಅದೇ."

ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದರು. ಚೀಟಿಗಳನ್ನು ನೋಡಿದರು. ಭಟ್ರು ಹಿಡಿಸೂಡಿ ಹಿಡಿದೇ ತಿರುಗಿದರು.

"ಯಜಮಾನ್ರೇ, ಮಿಷಿನ್ ತರ್ಸುದಾದ್ರೆ ತರ್ಸಿ, ನಾನು ಎಂತ ಹೇಳುದಿಲ್ಲ. ತರ್ಸುದಿಲ್ಲ ಅಂತಾದ್ರೆ ಆ ಮೂಲೆಯಲ್ಲಿ ಇನ್ನೊಂದು ಕಾವಲಿ ಹಾಕಿ, ಒಂದು ಜನ ಕೊಡಿ. ನಾನು ಕಲಿಸ್ತೇನೆ."

ಇಷ್ಟು ವರ್ಷಗಳಲ್ಲಿ ಭಟ್ರು ಅಪ್ಪನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು ಇರಬೇಕು. ಅಪ್ಪ ಗಲ್ಲಾಕ್ಕೆ ವಾಪಸು ಹೋದರು. ನಾನು ಹನ್ನೆರಡು ಗಂಟೆಯವರೆಗೂ ಬಾಗಿಲಿನಲ್ಲಿ ನಿಂತು, ಎದ್ದು ಹೊರಗೆ ಹೋದ ಮೇಜುಗಳನ್ನು ಎಣಿಸಿದೆ. ಗಲ್ಲಾದ ಬಿಲ್ಲುಗಳ ಪ್ರಕಾರ ಹಿಂದಿನ ಭಾನುವಾರ ಇದೇ ಹೊತ್ತಿಗೆ ಇಪ್ಪತ್ತೊಂಬತ್ತು, ಈ ಸಲ ನಲವತ್ತೊಂದು. ಚೀಟಿಗಳ ಮಾಲೆ ಇದ್ದೂ ನಲವತ್ತೊಂದು. ಕಾಗದವನ್ನು ಗಲ್ಲಾದ ಮೇಲಿಟ್ಟೆ. ಅಪ್ಪ ಅದನ್ನು ನೋಡುತ್ತಲೇ ಸೂರತ್‌ಗೆ ಫೋನು ಮಾಡಿದರು.

"ಮಿಷಿನ್ ಬೇಡ," ಎಂದರು ಹಿಂದಿಯಲ್ಲಿ. ಆ ಕಡೆಯಿಂದ ಏನೋ ದೊಡ್ಡ ಭಾಷಣ. "ಇಲ್ಲ ಭಾಯಿ, ನಮ್ಮಲ್ಲಿ ಭಟ್ರು ಇದ್ದಾರೆ. ಕಾವಲಿ ಮಾರ್ತೀರಾ? ಬರೀ ಕಾವಲಿ?"

ಅಡುಗೆಮನೆಯಲ್ಲಿ ಹಿಡಿಸೂಡಿಯ ಸರ್ರ್ ಸದ್ದು ಅರೆಕ್ಷಣ ನಿಂತು, ಮತ್ತೆ ಶುರುವಾಯಿತು.

ಕಾವಲಿ ಗುರುವಾರ ಬಂತು. ಜನ ಸಿಗಲಿಲ್ಲ. ಭಟ್ರು ಅಪ್ಪನನ್ನು ಕೇಳದೆಯೇ ನನ್ನ ಕೈಗೆ ಸೌಟು ಕೊಟ್ಟರು. "ಅಳೆಯುವವರಿಗೆ ಹುಯ್ಯಲಿಕ್ಕೂ ಬರ್ಬೇಕು," ಎಂದರು. "ರಜೆ ದಿವ್ಸ ಬಾ. ಮೊದ್ಲು ಕೈ ತೊಳಿ."

ಈಗ ಭಾನುವಾರಗಳಲ್ಲಿ ನಾನು ಎರಡನೇ ಕಾವಲಿ. ನನ್ನ ದೋಸೆಗಳಲ್ಲಿ ಗುಜರಾತಿನ ನಕ್ಷೆ ಬರುತ್ತದೆ, ಕಛ್ ಸಮೇತ. ಒಮ್ಮೊಮ್ಮೆ ಪೂರ್ತಿ ಭಾರತವೇ ಬಂದದ್ದುಂಟು. ಭಟ್ರು ಪ್ರತಿಯೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ, ಒಪ್ಪಿದರೆ ಮಾತ್ರ ಕಟ್ಟೆಗೆ. ಮೊದಲ ಗಂಟೆಯಲ್ಲಿ ನಾನು ಹುಯ್ದದ್ದು ಹನ್ನೆರಡು, ಥ್ರೂಪುಟ್ ಐದು. ಉಳಿದ ಏಳು ಹೊರಗೆ ಹೋಗಲಿಲ್ಲ, ಆದ್ದರಿಂದ ಲೆಕ್ಕಕ್ಕಿಲ್ಲ. ಅವನ್ನು ಅಪ್ಪ ತಿಂದರು, ಮೂರು ಬಟ್ಟಲು ಸಾಂಬಾರಿನ ಜೊತೆ.